ಬ್ರೇಕಿಲ್ಲದ ಸೀಟು

ಇವತ್ತು ಬೆಳಿಗ್ಗೆ ಬಸವಕಲ್ಯಾಣದ ನಮ್ಮ ಓಣಿಯ ಏರಿನಲ್ಲಿ ಇಟ್ಟಿಗೆ ತುಂಬಿದ ಟೆಂಪೋ ಒಂದು ಹತ್ತಲಾರದೆ ಒದ್ದಾಡಿತು. ಕ್ಲಚ್ಚು ಸುಟ್ಟ ವಾಸನೆ ಕಿಟಕಿಯಿಂದ ಒಳಗೆ ಬಂತು. ಹಲ್ಲುಜ್ಜುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿ, "ಅರ್ಧ ಕ್ಲಚ್ಚಿನ್ಯಾಗ ಹಿಡದಾನ ನೋಡು, ಮೂರ್ಖ" ಎಂದೆ. ನಮ್ಮಾಕಿ ಒಳಗಿನಿಂದಲೇ, "ನಿಮ್ಮ ಡ್ಯೂಟಿ ಮುಗದದ. ಬಾಯಿ ತೊಳಕೋರಿ" ಎಂದಳು.

ಮುಗಿದು ಬಹಳ ವರ್ಷವಾಯಿತು, ನಿಜ. ಆದರೆ ಅದಕ್ಕೂ ಬಹಳ ಮೊದಲೇ, ಎಪ್ಪತ್ತರ ದಶಕದಲ್ಲಿ, ಅದು ಮುಗಿದೇ ಹೋಗುವುದರಲ್ಲಿತ್ತು.

ನಾನು ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದೆ. ನಿಮಗೆ ಇದು ದೊಡ್ಡ ಕೆಲಸವೆನಿಸಲಿಕ್ಕಿಲ್ಲ. ರಾಜ್ಯ ಒಂದಾದ ಹೊಸತರಲ್ಲಿ, ಕನ್ನಡ ಬೋರ್ಡು ಹಾಕಿಕೊಂಡ ಬಸ್ಸು ನೋಡಲಿಕ್ಕೆಂದೇ ನಮ್ಮೂರು ಮೋರಖಂಡಿಯಿಂದ ರಸ್ತೆಗೆ ನಡೆದು ಹೋಗಿ ನಿಂತ ನನ್ನಂಥವನನ್ನು ಕೇಳಿ. ಖಾಕಿ ಬಟ್ಟೆ ಕೈಗೆ ಸಿಕ್ಕ ದಿನ ಅದನ್ನು ತೊಟ್ಟುಕೊಂಡೇ ಮಲಗಿದ್ದೆ. ಮರುದಿನ ಇಸ್ತ್ರಿ ಕೆಟ್ಟದ್ದಕ್ಕೆ ಮೊದಲ ಬೈಗುಳವೂ ಸಿಕ್ಕಿತು.

ನನ್ನ ಬಸ್ಸು ಹುಲಸೂರಿನಿಂದ ಬಸವಕಲ್ಯಾಣ, ಹುಮನಾಬಾದ ದಾಟಿ ಬೇಮಳಖೇಡಕ್ಕೆ ಹೋಗುತ್ತಿತ್ತು. ದಿನಾ ಹೊರಡುವ ಮುಂಚೆ ಮೊದಲು ರೇಡಿಯೇಟರಿಗೆ ನೀರು, ಆಮೇಲೆ ಗಾಲಿಗೆ ಕೋಲಿನಿಂದ ಒಂದೊಂದು ಏಟು, ಆಮೇಲೆ ಗಾಜು ಒರೆಸುವುದು. ಚಹಾ ಎಲ್ಲಕ್ಕಿಂತ ಕೊನೆಗೆ. ಬುಧವಾರ ನನ್ನ ವಾರದ ರಜೆ. ಅಂದು ಮಸ್ತಾನ್ ಎಂಬ ಹೊಸ ಡ್ರೈವರ್ ನನ್ನ ಗಾಡಿ ಹಿಡಿಯಬೇಕು. ಅವನ ಕೈಗೆ ಕೊಟ್ಟರೆ ಗೇರು ಕಿರುಚುತ್ತದೆ ಎಂದು ನನಗೆ ಭಯ. ಹಾಗಾಗಿ ಬುಧವಾರವೂ ನಾನೇ ಹೋಗಿ ಕೂಡುತ್ತಿದ್ದೆ. "ಉಸ್ತಾದ, ನಿಮ್ಮ ಸುಟ್ಟಿ ನನಗರೆ ಕೊಡ್ರಿ" ಎಂದು ಕಂಡಕ್ಟರ್ ನಗುತ್ತಿದ್ದ.

ವರ್ಷಗಳು ಹೀಗೆ ಹೋದವು. ಆಮೇಲೆ ಏನಾಯಿತೋ, ಡೀಸೆಲ್ ವಾಸನೆ ಬಂದರೆ ಮುಖ ತಿರುಗಿಸತೊಡಗಿದೆ. ಕಂಡಕ್ಟರನ ಗಂಟೆ ನೆತ್ತಿಯ ಮೇಲೇ ಹೊಡೆದಂತಾಗುತ್ತಿತ್ತು. ನಿಧಾನ ಹತ್ತುವ ಮುದುಕರ ಮೇಲೆ ಹಾರಿಬೀಳುತ್ತಿದ್ದೆ. ಒಂದು ಬೆಳಿಗ್ಗೆ ಬಸ್ಸಿನ ಬಾಗಿಲಿನ ಹಿಡಿ ಹಿಡಿದು ನಿಂತೆ, ಹತ್ತಲು ಕಾಲು ಮೇಲೇಳಲಿಲ್ಲ. ಇಷ್ಟು ಆಸೆಪಟ್ಟು ಪಡೆದದ್ದು ಹೀಗೆ ಕಹಿಯಾಯಿತಲ್ಲ ಎಂಬುದೇ ದೊಡ್ಡ ಸಂಕಟ. ಹುಮನಾಬಾದದಲ್ಲಿ ನಮ್ಮಾಕಿಯ ಅಣ್ಣನ ಬಟ್ಟೆ ಅಂಗಡಿ ಇತ್ತು. ಡ್ರೈವರ್ ಕೆಲಸ ಬಿಟ್ಟು ಬಂದು ಅಂಗಡಿಯ ಗಾದಿಯ ಮೇಲೆ ಕೂಡ್ರಿ ಎಂದು ಅವರು ಕರೆಯುತ್ತಲೇ ಇದ್ದರು. ಹೂಂ ಅಂದುಬಿಡೋಣವೆಂದು ಒಂದು ಬುಧವಾರ ಕೊನೆಗೂ ರಜೆ ತೆಗೆದುಕೊಂಡೆ.

ಹೊರಟದ್ದು ನನ್ನದೇ ಬಸ್ಸಿನಲ್ಲಿ, ಪ್ರಯಾಣಿಕನಾಗಿ. ಎಂಜಿನ್ನಿನ ಪಕ್ಕದ ಸೀಟು. ಬದಿಯಲ್ಲಿ ಗಂಟು ಹಿಡಿದ ಒಬ್ಬ ಅಜ್ಜಿ. ಮಸ್ತಾನ್ ಸ್ಟಿಯರಿಂಗ್ ಹಿಡಿದ. ಎತ್ತಿನ ಗಾಡಿ ಅಡ್ಡ ಬಂತು, ನನ್ನ ಬಲಗಾಲು ನೆಲ ಒತ್ತಿತು. ತಿರುವು ಬಂತು, ಮತ್ತೆ ಒತ್ತಿತು. ಮೂರನೆಯ ಸಲ ಅಜ್ಜಿ ಕೂಗಿದಳು: "ಯಪ್ಪಾ, ನನ್ನ ಕಾಲ ಯಾಕ ತುಳ್ಯಾಕತ್ತಿ? ಇದನ್ನ ಹೊಲಿಗಿ ಮಷೀನ ಮಾಡೀಯೇನು?"

ಬಸ್ಸೆಲ್ಲ ನಕ್ಕಿತು. ಮಸ್ತಾನ್ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೇಳಿದ: "ಉಸ್ತಾದ, ಬ್ರೇಕ್ ನನ್ನ ಕಡಿ ಅದರಿ. ನೀವು ಕಾಲ ಮ್ಯಾಲ ತಗೊಂಡು ಆರಾಮ ಕೂಡ್ರಿ."

ಸಿಟ್ಟು ಬಂತು. ಆದರೂ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಸಸ್ತಾಪುರ ಬಂಗಲಾದ ತಿರುವಿನಲ್ಲಿ ಗೇರು ಕಿರುಚುವುದನ್ನು ಕಾದೆ. ಕಿರುಚಲಿಲ್ಲ. ಅಲ್ಲಿಂದ ಮುಂದಿನದು ನನಗೆ ನೆನಪಿಲ್ಲ.

ಕಣ್ಣು ಬಿಟ್ಟಾಗ ಬಸ್ಸು ಖಾಲಿ. ಹೊರಗೆ ಎಮ್ಮೆಗಳು ಸಾಲಾಗಿ ಹೋಗುತ್ತಿದ್ದವು. ಅದು ಬೇಮಳಖೇಡ! ಇಳಿಯಬೇಕಿದ್ದ ಹುಮನಾಬಾದ ಯಾವಾಗಲೋ ಹಿಂದೆ ಉಳಿದಿತ್ತು.

"ಎಬ್ಬಸಾಕ ಬಂದಿದ್ದೆರಿ," ಎಂದ ಕಂಡಕ್ಟರ್. "ನಿಮ್ಮ ಗೊರಕಿ ಹಾರ್ನಿಗಿಂತ ಜೋರ ಇತ್ತು. ಬಿಟ್ಟೆ."

ಮಸ್ತಾನ್ ಚಹಾದ ಕಪ್ಪು ಕೊಡುತ್ತ, ಮೆಲ್ಲಗೆ ಕೇಳಿದ: "ಗಾಡಿ ಹ್ಯಾಂಗ ಹೊಡದೆರಿ?"

"ನಿದ್ದಿ ಬಂತಲ್ಲೋ," ಎಂದೆ. ಒಬ್ಬ ಡ್ರೈವರ್ ಇನ್ನೊಬ್ಬನಿಗೆ ಇದಕ್ಕಿಂತ ಹೆಚ್ಚು ಹೇಳಲಾರ. ಅವನ ಮುಖ ಅರಳಿತು.

ಮರಳುವಾಗ ಕಿಟಕಿಯ ಬದಿ ಕೂತೆ. ಈ ರಸ್ತೆಯ ಒಂದೊಂದು ತಗ್ಗೂ ನನಗೆ ಗೊತ್ತು. ಆದರೆ ಅದರಾಚೆ ಕುಸುಬಿ ಹೂ ಬಿಟ್ಟು ಹೊಲವೆಲ್ಲ ಹಳದಿಯಾಗಿದ್ದನ್ನು ಅಂದೇ ನೋಡಿದ್ದು. ಹುಮನಾಬಾದದ ನಿಲ್ದಾಣದಲ್ಲಿ ಭಾವ ಕಾಯುತ್ತಿದ್ದರು. ನಾನು ಇಳಿಯಲಿಲ್ಲ. "ಈಗ ಬ್ಯಾಡ್ರಿ. ಮೊದಲ ನಾಕು ಬುಧವಾರ ನಿದ್ದಿ ಮಾಡಿ ನೋಡ್ತೀನಿ" ಎಂದು ಕಿಟಕಿಯಿಂದಲೇ ಹೇಳಿದೆ. ಅವರು ನಮ್ಮಾಕಿಗೆ ಏನೆಂದು ವರದಿ ಮುಟ್ಟಿಸಿದರೋ, ಮರುದಿನ ಡ್ಯೂಟಿ ಮುಗಿಸಿ ಮನೆಗೆ ಬಂದಾಗ ಆಕೆ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಒಂದೇ ನಿದ್ದೆಗೆ ಎಲ್ಲ ಸರಿಹೋಯಿತೆಂದರೆ ಸುಳ್ಳಾದೀತು. ಕೆಲವು ಬೆಳಗುಗಳು ಆಮೇಲೂ ಭಾರವಾಗಿದ್ದವು. ಆದರೆ ಬುಧವಾರ ಗಾಡಿ ಮಸ್ತಾನನದು, ಗುರುವಾರ ಮತ್ತೆ ನನ್ನದು; ಗುರುವಾರ ಬರಲಿ ಅನಿಸಲು ಶುರುವಾದದ್ದು ಯಾವಾಗ ಎಂಬುದೇ ತಿಳಿಯಲಿಲ್ಲ. ನಿವೃತ್ತಿಯವರೆಗೂ ನಾನು ಡ್ರೈವರ್ ಸೀಟು ಬಿಡಲಿಲ್ಲ.

ಈಗಲೂ ನನ್ನ ದಿನಕ್ಕೆ ಕಟ್ಟುಪಾಡು ಇದೆ: ನಸುಕಿಗೆ ಏಳುವುದು, ಗಿಡಗಳಿಗೆ ನೀರು, ಓಣಿಯ ತುದಿಯವರೆಗೆ ನಡಿಗೆ, ಊಟದ ಮುಂಚೆ ಎರಡು ಪುಟ ಬರಹ. ಬುಧವಾರ ಮಾತ್ರ ಇದ್ಯಾವುದೂ ಇಲ್ಲ. "ಕೆಲಸೇ ಇಲ್ಲ, ಸುಟ್ಟಿ ಯಾವುದರದರಿ?" ಎಂದು ನಮ್ಮಾಕಿ ನಗುತ್ತಾಳೆ. ನಗಲಿ. ನಿಮಗೆ ಹೇಳುವುದು ಇನ್ನೂ ಸ್ವಲ್ಪ ಇತ್ತು. ಆದರೆ ಇವತ್ತಿನ ಎರಡು ಪುಟ ಮುಗಿದವು. ನಾಳೆ ಬುಧವಾರ, ನಾನು ಪೆನ್ನು ಮುಟ್ಟುವುದಿಲ್ಲ.