ಅಪ್ಪನ ಮುಂದಿಟ್ಟ ಭತ್ತ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಓದಿದ ರಾಯಚೂರಿನ ಕಾಲೇಜಿನಲ್ಲಿ ಇದ್ದದ್ದು ಎರಡೇ ಕಂಪ್ಯೂಟರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಆ ಊರಿನ ಬಿಸಿಲಿಗೆ ಕಾಲೇಜಿನಲ್ಲಿ ಅದೊಂದೇ ಏಸಿ ಕೋಣೆ; ಓದಿಗಿಂತ ತಂಪಿಗಾಗಿ ಹೋಗುತ್ತಿದ್ದವರೇ ಹೆಚ್ಚು, ನಾನೂ ಅವರಲ್ಲೊಬ್ಬಳು. ಆ ತಂಪು ನೆನೆದರೆ ಈಗಲೂ ಹಿತವಾಗುತ್ತದೆ.

ನಾನು ಬರೆದ ಪ್ರೋಗ್ರಾಮು ಭತ್ತದ್ದು. ತೇವ ನೂರಕ್ಕೆ ಹದಿನಾಲ್ಕಕ್ಕಿಂತ ಹೆಚ್ಚಿದ್ದರೆ ‘ಹಸಿ’, ಇಲ್ಲದಿದ್ದರೆ ‘ಒಣ’ ಎನ್ನಬೇಕು. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಅಪ್ಪ ಮಾಡುತ್ತಿದ್ದ ಕೆಲಸವೇ ಅದು. ರೈತರ ಚೀಲದ ತಳದವರೆಗೆ ಕೈ ಹಾಕಿ, ನಾಲ್ಕು ಕಾಳು ಕಡಿದು ಹೇಳಿಬಿಡುತ್ತಿದ್ದ. ಅವನು ‘ಹಸಿ’ ಅಂದರೆ ಗಿರಣಿಯ ಸಾಹುಕಾರರೂ ಎದುರಾಡುತ್ತಿರಲಿಲ್ಲ.

ಹತ್ತು ಬಗೆಯ ತೇವ ಕೊಟ್ಟು ಪ್ರೋಗ್ರಾಮು ಪರೀಕ್ಷಿಸಿದೆ. ಹತ್ತೂ ಸರಿ ಬಂದವು. ಕಂಪ್ಯೂಟರು ಕಲಿಸುತ್ತಿದ್ದ ದೇವದುರ್ಗದ ನಮ್ಮ ಸರ್‌ಗೆ ಜಂಬದಿಂದ ತೋರಿಸಿದೆ.

“ಪ್ರೋಗ್ರಾಮು ಚಲೋ ಅದವ್ವಾ. ನಿನ್ನ ಪರೀಕ್ಷೆ ಚಲೋ ಅದನೋ ಇಲ್ಲೋ ನೋಡೋಣು,” ಎಂದ ಅವರು ಬೇಕಂತಲೇ ಒಂದು ತಪ್ಪು ಸೇರಿಸಿದರು. ಈಗ ಸರಿಯಾಗಿ ಹದಿನಾಲ್ಕಿದ್ದರೂ ಅದು ‘ಹಸಿ’ ಎನ್ನುತ್ತಿತ್ತು. ನನ್ನ ಹತ್ತು ಪರೀಕ್ಷೆಗಳಲ್ಲಿ ಒಂದೂ ಆ ತಪ್ಪನ್ನು ಹಿಡಿಯಲಿಲ್ಲ. ಹದಿನಾಲ್ಕನ್ನು ನಾನು ಕೊಟ್ಟೇ ಇರಲಿಲ್ಲ!

“ತಪ್ಪು ಹಾಕಿ ನೋಡ್ಬೇಕು. ಹಿಡಿದ್ರ ಪರೀಕ್ಷೆ, ಇಲ್ಲಾಂದ್ರ ಬರೇ ಹಾಜರಿ,” ಎಂದು ಸರ್ ನಕ್ಕರು.

ಆ ಹುಚ್ಚು ನನ್ನ ತಲೆಗೇರಿತು. ಸಾಹುಕಾರರು ತೇವ ಅಳೆಯುವ ಮಷೀನು ತರಿಸುತ್ತಾರೆಂಬ ಸುದ್ದಿಯಿಂದ, ಅಪ್ಪನ ಕೆಲಸ ಹೋಗುತ್ತದೆಂದು ಮನೆಯವರೆಲ್ಲ ಹೆದರಿದ್ದೆವು. ಅಪ್ಪ ಎಂದೂ ತಪ್ಪುವುದಿಲ್ಲ ಎಂಬ ಖಾತ್ರಿ ನನಗೆ ಬೇಕಿತ್ತು. ರವಿವಾರ ಮಾನ್ವಿಗೆ ಹೋಗಿ, ನೆನೆಸಿ ಒರೆಸಿದ ಭತ್ತವನ್ನು ಬುಟ್ಟಿಯ ತಳಕ್ಕೆ ಹಾಕಿದೆ. ಮೇಲೆ ಒಣ ಭತ್ತ ಹರವಿ ಅವನ ಮುಂದಿಟ್ಟೆ.

“ಯಪ್ಪಾ, ಇದು ಹೆಂಗದ ನೋಡು.”

ಅಪ್ಪ ಮೇಲಿನ ನಾಲ್ಕು ಕಾಳು ಕಡಿದ. “ಒಣಗ್ಯಾದ ತಗೋ.”

ಬುಟ್ಟಿಯನ್ನು ಅವನತ್ತ ಇನ್ನಷ್ಟು ಸರಿಸಿದೆ. “ತಳದಾಗ ಹಸಿ ಅದ ಯಪ್ಪಾ, ನಾನೇ ಇಟ್ಟೀನಿ. ಗಿರಣ್ಯಾಗ ತಳದ್ದು ತಗೀತಿ, ಇಲ್ಲ್ಯಾಕ ತಗೀಲಿಲ್ಲ?”

ಅವನು ಕೈ ಹಾಕಿ ತಳದ ಕಾಳು ತೆಗೆದ. ಒಂದನ್ನು ಕಡಿದು ನೋಡಿ, ಉಳಿದವನ್ನು ಬುಟ್ಟಿಗೆ ಹಾಕಿದ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

“ಗಿರಣ್ಯಾಗ ತರೋರು ಹೊರಗಿನೋರು. ಇದನ್ನ ತಂದಾಕಿ ನೀನಲ್ಲೇನವ್ವಾ,” ಎಂದ.