ನೀಲಿ ಬಟ್ಟೆ ಮತ್ತು ಸಿಗದ ಸೂಜಿ

ಶಾರದಮ್ಮನವರೇ, ನಿಮ್ಮ ಹೊಟ್ಟೆ ಹೊಲಿದ ದಿನ ಒಂದು ಸೂಜಿ ಲೆಕ್ಕಕ್ಕೆ ಸಿಗಲಿಲ್ಲ. ಸಿಕ್ಕಿತೆಂದು ಸುಳ್ಳು ಹೇಳಿದವಳು ನಾನು — ಆ ಆಪರೇಷನ್ ಥಿಯೇಟರಿನ ಸಿಸ್ಟರ್, ಈಗ ಸಿದ್ಧಾರ್ಥನಗರದಲ್ಲಿ ನಿಮ್ಮದೇ ಬೀದಿಯವಳು. ಇಷ್ಟು ವರ್ಷ ನಿಮ್ಮೊಡನೆ ಸೊಪ್ಪಿನ ರೇಟಿನಿಂದ ಹಿಡಿದು ಎಲ್ಲವನ್ನೂ ಮಾತಾಡಿದ್ದೇನೆ, ಇದೊಂದನ್ನು ಬಿಟ್ಟು.

ಆಗ ನಮ್ಮ ಆಸ್ಪತ್ರೆಯಲ್ಲಿ ಕಸ ಕಡಿಮೆ ಮಾಡುವ ಉತ್ಸಾಹ. ಉಪಕರಣಗಳನ್ನು ಸುತ್ತಿಡುವ ನೀಲಿ ಬಟ್ಟೆ ಇರುತ್ತದಲ್ಲ — ರೋಗಿ ಒಳಗೆ ಬರುವ ಮುಂಚೆಯೇ ಬಿಚ್ಚುವಂಥದ್ದು, ರಕ್ತ ಸೋಕದ್ದು. ಅದನ್ನು ಕಸಕ್ಕೆ ಹಾಕದೆ ಚೀಲ ಹೊಲಿಸೋಣ ಎಂದು ಹಠ ಹಿಡಿದವಳು ನಾನೇ. ಬನ್ನಿಮಂಟಪದ ಕೆಲವು ಹೆಂಗಸರು ಹೊಲಿದುಕೊಟ್ಟರು. ಮನೆಗೆ ಹೊರಟವರಿಗೆ ಔಷಧಿ ಹಾಕಿ ಅದೇ ಚೀಲ ಕೊಡುತ್ತಿದ್ದೆವು. ಎಲ್ಲರೂ ಹೊಗಳಿದರು, ನಾನು ಹಿಗ್ಗಿ ಹೀರೇಕಾಯಿಯಾದೆ.

ಥಿಯೇಟರಿನಲ್ಲಿ ಒಂದು ಕಟ್ಟಳೆಯಿದೆ. ಹೊಟ್ಟೆ ಮುಚ್ಚುವ ಮುಂಚೆ ಸೂಜಿಗಳನ್ನೆಲ್ಲ ಎಣಿಸಬೇಕು; ಲೆಕ್ಕ ಕೂಡುವವರೆಗೆ ಒಂದು ಚಿಂದಿಯೂ ಬಾಗಿಲು ದಾಟಬಾರದು. ಆ ದಿನ ಬಟ್ಟೆ ಒಯ್ಯುವ ಆಟೋ ಹೊರಗೆ ಕಾಯುತ್ತಿತ್ತು. ನಿಮ್ಮ ಮೇಜಿನ ಪಕ್ಕದಲ್ಲಿದ್ದ ನೀಲಿ ಗಂಟನ್ನು, ಅದರಲ್ಲೇನಿದ್ದೀತು ಎಂದು, ಎಣಿಕೆಗೆ ಮುಂಚೆಯೇ ಕಳಿಸಿಬಿಟ್ಟೆ. ಆಮೇಲೆ ಎಣಿಸಿದರೆ ಒಂದು ಸೂಜಿ ಕಡಿಮೆ. ನೆಲ ನೋಡಿದೆ, ಕಸದ ಬುಟ್ಟಿ ನೋಡಿದೆ. ಸೂಜಿ ಸಿಗುತ್ತಿಲ್ಲ ಎಂದು ಡಾಕ್ಟರಿಗೆ ಹೇಳಿದ್ದರೆ ಅಲ್ಲೇ ಎಕ್ಸ್‌ರೇ ತೆಗೆದು ಹುಡುಕುತ್ತಿದ್ದರು. ಆದರೆ ಗಂಟು ಎಲ್ಲಿ ಎಂದೂ ಕೇಳುತ್ತಿದ್ದರು — ನನ್ನ ನೀಲಿ ಬಟ್ಟೆಯ ಕಥೆ ಅವತ್ತಿಗೇ ಮುಗಿಯುತ್ತಿತ್ತು.

"ಸಿಸ್ಟರ್, ಕೌಂಟ್?" ಎಂದರು ಡಾಕ್ಟರು, ತಲೆ ಎತ್ತದೆ.

"ಸರಿ ಇದೆ ಸರ್."

ಅವರು ನಿಮ್ಮ ಹೊಟ್ಟೆ ಮುಚ್ಚಿದರು.

ಮರುದಿನ ಬನ್ನಿಮಂಟಪಕ್ಕೆ ಓಡಿದೆ. ಒಂದೊಂದು ಬಟ್ಟೆಯನ್ನೂ ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದರೆ, ಹೊಲಿಯುತ್ತಿದ್ದ ಹೆಂಗಸು ನಕ್ಕಳು. "ಏನ್ ಸಿಸ್ಟರ್, ಬಟ್ಟೆಗೂ ನಾಡಿ ನೋಡ್ತೀರಾ?" ಸೂಜಿ ಸಿಗಲಿಲ್ಲ. ಅಷ್ಟರಲ್ಲಿ ಕೆಲವು ಚೀಲಗಳು ಆಸ್ಪತ್ರೆಗೆ ಹೊರಟುಹೋಗಿದ್ದವು. ಅವುಗಳಲ್ಲೊಂದು ನಿಮ್ಮ ಕೈ ಸೇರಿತು, ಒಂದು ನನ್ನ ಅಡುಗೆಮನೆಯ ಮೊಳೆಯಲ್ಲಿ ಈಗಲೂ ಇದೆ. ಫ್ಯಾನಿಲ್ಲ, ಕಿಟಕಿ ಹಾಕಿದೆ — ಆದರೂ ಒಮ್ಮೊಮ್ಮೆ ಸರಸರ ಎನ್ನುತ್ತದೆ. ಅದರ ಅಂಚು ಮುಟ್ಟಲು ಹೋದರೆ ಬೆರಳು ತಾನಾಗಿ ಹಿಂದಕ್ಕೆ ಬರುತ್ತದೆ.

ಕಳೆದ ಬಾರಿ ಚಾಮುಂಡಿ ಬೆಟ್ಟದ ಮೆಟ್ಟಿಲಿನಲ್ಲಿ ನೀವು ಪಕ್ಕೆ ಹಿಡಿದು ಕೂತಿರಿ. ಮಡಿಲಲ್ಲಿ ಅದೇ ನೀಲಿ ಚೀಲ. "ಒಳಗೆ ಯಾರೋ ಕೂತು ಹೊಲೀತಾ ಇದಾರೆ ಅನ್ಸುತ್ತೆ ಕಣ್ರೀ. ಒಂದು ಹೊಲಿಗೆ ಹಾಕ್ತಾರೆ, ಸುಮ್ನಾಗ್ತಾರೆ" ಎಂದಿರಿ. ಅಂದಿನಿಂದ ಮನೆಯಲ್ಲಿ ಸದ್ದಡಗಿದರೆ ಸಾಕು, ದಾರ ಎಳೆಯುವ ಸಪ್ಪಳ ನನಗೆ ಕೇಳುತ್ತದೆ. ಒಂದು ಎಳೆತ. ಆಮೇಲೆ ಏನೂ ಇಲ್ಲ. ನಾನು ಮುಂದಿನದಕ್ಕೆ ಕಾಯುತ್ತಾ ಕೂರುತ್ತೇನೆ. ನನಗೆ ಭಯವಾಗುತ್ತದೆ ಶಾರದಮ್ಮನವರೇ.

ನಾಳೆ ನಿಮಗೆ ಎಂ.ಆರ್.ಐ. ಸ್ಕ್ಯಾನ್ ಇದೆಯೆಂದು ನಿನ್ನೆ ತರಕಾರಿ ಅಂಗಡಿಯಲ್ಲಿ ಹೇಳಿದಿರಿ. "ಮೈಯೊಳಗೆ ಕಬ್ಬಿಣ ಗಿಬ್ಬಿಣ ಇದ್ಯಾ ಅಂತ ಕೇಳಿದ್ರು. ನನ್ ಮೈಗೆ ಎಲ್ಲಿಂದ ಬರ್ಬೇಕು ಸಿಸ್ಟರ್? ಇಲ್ಲ ಅಂದ್ಬುಟ್ಟೆ." ಹೇಳಿ ನಕ್ಕಿರಿ. ನಾನೂ ನಕ್ಕೆ — ಆ ನಗುವನ್ನು ನೆನೆದರೆ ನನಗೇ ಹೇಸಿಗೆ. ಆ ಯಂತ್ರವೆಂದರೆ ಭಾರಿ ಅಯಸ್ಕಾಂತ. ಒಳಗೆ ಸೂಜಿಯಿದ್ದರೆ ಅದು ಇದ್ದಲ್ಲೇ ಇರುವುದಿಲ್ಲ.

ಸೂಜಿ ಬಟ್ಟೆಯ ಜೊತೆ ಹೋಗಿರಬಹುದು. ಹೋಗದೆಯೂ ಇರಬಹುದು. ನನಗೆ ಗೊತ್ತಿಲ್ಲ — ಆ ಮಾತನ್ನು ಅಂದೇ ಹೇಳಬೇಕಿತ್ತು. ಆ ಯಂತ್ರದೊಳಗೆ ಹೋಗಬೇಡಿ, ಮೊದಲು ಎಕ್ಸ್‌ರೇ ಆಗಲಿ. ಈಗಲೇ ನಿಮ್ಮ ಮನೆಗೆ ಹೊರಟಿದ್ದೇನೆ. ನೀವು ಬಾಗಿಲು ತೆರೆದಾಗ ನಾಲಿಗೆ ಹೊರಳದಿದ್ದರೆ ಈ ಕಾಗದವನ್ನೇ ನಿಮ್ಮ ಕೈಗಿಡುತ್ತೇನೆ. ಕ್ಷಮೆ ಕೇಳುವುದಿಲ್ಲ. ನಾಳೆ ಡಾಕ್ಟರ ಮುಂದೆ ನಿಮ್ಮ ಪಕ್ಕದಲ್ಲಿ ನಿಂತು ಹೇಳುತ್ತೇನೆ: ಕೌಂಟ್ ಸರಿ ಇರಲಿಲ್ಲ.