ಜೂನ್ ಒಂದರ ಮಕ್ಕಳು

ಆ ವರ್ಷಗಳಲ್ಲಿ ಅಮೀರ್‌ಪೇಟ್‌ನಲ್ಲಿ ಕಾಗದಕ್ಕೆ ಮಾತ್ರ ಬರ ಇರಲಿಲ್ಲ. ಒಂದೊಂದು ಬಿಲ್ಡಿಂಗಿನಲ್ಲಿ ಹತ್ತು ಕಂಪ್ಯೂಟರ್ ಇನ್‌ಸ್ಟಿಟ್ಯೂಟು, ಪ್ರತಿ ಇನ್‌ಸ್ಟಿಟ್ಯೂಟಿನ ಕೆಳಗೆ ಒಂದು ಜೆರಾಕ್ಸ್ ಅಂಗಡಿ. ಜಾವಾ, ಒರಾಕಲ್ ಅಂತ ರಾಶಿ ರಾಶಿ ನೋಟ್ಸು ಅಲ್ಲಿ ಅಚ್ಚಾಗುತ್ತಿತ್ತು. ಸರಿಯಾಗಿ ಮೂಡದ ಹಾಳೆಗಳನ್ನು ಜೆರಾಕ್ಸಿನ ಅಮೃತಪ್ಪ ಸುಡುತ್ತಿರಲಿಲ್ಲ. ಸುತ್ತಿ, ಸುತಲಿ ಕಟ್ಟಿ, ಹಿಂದಿನ ಗಲ್ಲಿಯ ಕೃಷ್ಣಾಬಾಯಿಯವರ ಮನೆಗೆ ಕಳಿಸುತ್ತಿದ್ದ. ಒಂದು ಮಗ್ಗುಲಲ್ಲಿ ಸಾಫ್ಟ್‌ವೇರು, ಇನ್ನೊಂದು ಮಗ್ಗುಲಲ್ಲಿ ಭಾಗಾಕಾರ. ಕಟ್ಟಡ ಕೆಲಸದವರ ಮಕ್ಕಳು ಲೆಕ್ಕ ಕಲಿತದ್ದು ಹೀಗೆ.

"ಅಕ್ಕೋರೆ, ಈ ಕಡೆ ಬರದದ್ದು ಏನ್ರಿ?" ಅಂತ ಅವರಲ್ಲೊಬ್ಬಳು, ಉಮಾಶ್ರೀ, ಒಂದು ದಿನ ಹಾಳೆ ತಿರುಗಿಸಿ ಕೇಳಿದ್ದಳು.

"ಅದು ಕಂಪ್ಯೂಟರಿಗೆ ಹೇಳೂ ಮಾತವಾ."

"ಅದಕ್ಕ ಕನ್ನಡ ಬರಂಗಿಲ್ಲೇನ್ರಿ?"

"ಬರಂಗಿಲ್ಲ. ನಿನಗ ಲೆಕ್ಕ ಬರ್ತದಲ್ಲ, ಅದನ್ನ ಮುಗಸು ಮೊದಲ."

ಮಕ್ಕಳು ಅಕ್ಕೋರು ಎಂದು ಕರೆದರೂ ಕೃಷ್ಣಾಬಾಯಿಯವರು ಟೀಚರೇನೂ ಅಲ್ಲ. ಅವರ ತಂದೆ ನಿಜಾಮರ ಕಾಲದಲ್ಲಿ ಕಲಬುರ್ಗಿ ಕಡೆಯಿಂದ ಅವರ ರಾಜಧಾನಿಯಾಗಿದ್ದ ಈ ಊರಿಗೆ ನೌಕರಿಗೆ ಅಂತ ಬಂದವರು. ಮಗಳೂ ಸರಕಾರಿ ಕಚೇರಿಯ ದಾಖಲೆ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದರು. ಗಂಡ ಬೇಗ ಹೋದರು, ಮಕ್ಕಳಿಲ್ಲ. ಕಚೇರಿಯಲ್ಲಿ ಅವರ ಕಣ್ಣು ಅಂದರೆ ಎಲ್ಲರಿಗೂ ಹೆದರಿಕೆ. ಒಂದು ಫೈಲಿನಲ್ಲಿ ಒಂದು ತಾರೀಕು, ಇನ್ನೊಂದರಲ್ಲಿ ಇನ್ನೊಂದು ತಾರೀಕು ಇದ್ದರೆ ಊಟ ಬಿಟ್ಟು ಹುಡುಕಿ ತೆಗೆಯುತ್ತಿದ್ದರಂತೆ. ರಿಟೈರ್ ಆದ ಮೇಲೆ ಬೆಳಿಗ್ಗೆ ಗಲ್ಲಿಯ ನೌಕರದಾರರ ಮಕ್ಕಳಿಗೆ ದೊಡ್ಡ ಶಾಲೆಗಳ ಪ್ರವೇಶ ಪರೀಕ್ಷೆಗೆ ಹೇಳಿಕೊಡುತ್ತಿದ್ದರು. ಸಂಜೆ ಎದುರಿನ ಬಯಲಿನ ತಗಡಿನ ಶೆಡ್ಡುಗಳ ಮಕ್ಕಳು ಬರುತ್ತಿದ್ದರು. ಆಳಂದ, ಸೇಡಂ, ಸುರಪುರದ ಕಡೆಯವರು. ಅಪ್ಪಂದಿರು ಹತ್ತು ಅಂತಸ್ತಿನ ಆಫೀಸುಗಳಿಗೆ ಸ್ಲ್ಯಾಬು ಹಾಕುತ್ತಿದ್ದರು, ಅವ್ವಂದಿರು ಉಸುಕು ಹೊರುತ್ತಿದ್ದರು.

ಆ ಮಕ್ಕಳನ್ನು ಸರಕಾರಿ ಶಾಲೆಗೆ ಸೇರಿಸುವ ಕೆಲಸವೂ ಕೃಷ್ಣಾಬಾಯಿಯವರದೇ. ಫಾರಂ ತುಂಬುವವರು ಅವರು, ಹೆಬ್ಬೆಟ್ಟು ಒತ್ತುವವರು ತಾಯಂದಿರು. ಹುಟ್ಟಿದ ತಾರೀಕು ಎಂಬ ಜಾಗ ಬಂದಾಗ ತಾಯಂದಿರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆಗ ಹೆಡ್‌ಮಾಸ್ಟರು ತೆಲುಗಿನಲ್ಲಿ, "ಜೂನ್ ಒಂದು ಹಾಕಿಬಿಡಿಯಮ್ಮ" ಅನ್ನುತ್ತಿದ್ದರು. ಎಲ್ಲ ಕಡೆ ನಡೆಯುವುದೇ ಹಾಗೆ. ಹೀಗಾಗಿ ಆ ಬಯಲಿನ ಮಕ್ಕಳೆಲ್ಲ ಜೂನ್ ಒಂದರಂದೇ ಹುಟ್ಟಿದವರು.

ಉಮಾಶ್ರೀಯನ್ನು ಸೇರಿಸಿದ್ದು ಎರಡು ಸಾವಿರದ ಇಸವಿಯಲ್ಲಿ. ಅದಕ್ಕೆ ಮೂರು ತಿಂಗಳ ಮೊದಲಷ್ಟೇ ಹುಡುಗಿ ಸಂಜೆ ಪಾಠಕ್ಕೆ ಬರತೊಡಗಿದ್ದಳು. ಅಷ್ಟರಲ್ಲೇ ದಶಕ ತಂದು ಕಳೆಯುವ ಲೆಕ್ಕ ನೀರು ಕುಡಿದ ಹಾಗೆ ಮಾಡುತ್ತಿದ್ದಳು. ಇವಳನ್ನು ಒಂದನೇ ಕ್ಲಾಸಿನಲ್ಲಿ ಕೂರಿಸಿದರೆ ಬೇಸತ್ತು ಓಡಿಹೋಗುತ್ತಾಳೆ ಎಂದು ಕೃಷ್ಣಾಬಾಯಿಯವರು ಎರಡನೇ ಕ್ಲಾಸಿಗೇ ಹಟ ಹಿಡಿದರು. ಹೆಡ್‌ಮಾಸ್ಟರು, ಎರಡಕ್ಕೆ ಏಳು ತುಂಬಿರಬೇಕಲ್ಲ ಅಂದರು. ತುಂಬಿದೆ ಎಂದು ಕೃಷ್ಣಾಬಾಯಿಯವರು ಒಂದು ಜೂನ್ ತೊಂಬತ್ತಮೂರು ಎಂದು ಬರೆದು, ಮುಂದಿನ ಮಗುವಿನ ಫಾರಂ ತೆಗೆದುಕೊಂಡರು. ಅರ್ಧ ನಿಮಿಷದ ಕೆಲಸ. ಅವತ್ತು ಅವರು ಬರೆದ ಫಾರಂಗಳು ಹದಿಮೂರೋ ಹದಿನಾಲ್ಕೋ.

ಹುಡುಗಿ ಐದನೇ ಕ್ಲಾಸಿಗೆ ಬಂದಾಗ ಮೇಡ್ಚಲ್ ರಸ್ತೆಯ ಒಂದು ಟ್ರಸ್ಟಿನ ವಸತಿ ಶಾಲೆಯ ಸುದ್ದಿ ಬಂತು. ಹೆಣ್ಣುಮಕ್ಕಳಿಗೆ ಮಾತ್ರ, ನಲವತ್ತು ಸೀಟು, ಊಟ ವಸತಿ ಎಲ್ಲ ಪುಕ್ಕಟೆ, ಹತ್ತನೇ ಕ್ಲಾಸಿನವರೆಗೆ. ಅದು ಸಿಕ್ಕರೆ ಉಮಾ ಉಳಿದಳು, ಇಲ್ಲದಿದ್ದರೆ ಇಲ್ಲ. ಯಾಕೆಂದರೆ ಅವಳ ಅಪ್ಪ ಸಂಗಣ್ಣನಿಗೆ ಮೇಸ್ತ್ರಿ ಹೇಳಿಬಿಟ್ಟಿದ್ದ, ಈ ಬಿಲ್ಡಿಂಗು ಜೂನಿಗೆ ಮುಗಿಯುತ್ತದೆ, ಮುಂದಿನ ಕೆಲಸ ಪುಣೆಯಲ್ಲಿ. ಹೊಸ ಊರಿಗೆ ಹೋದರೆ ಅವ್ವ ಗಂಗಾಬಾಯಿ ಕೆಲಸಕ್ಕೆ, ಕೈಗೂಸು ಹುಲಗೇಶ ಉಮಾಳ ಸೊಂಟಕ್ಕೆ. ಇದು ಹುಡುಗಿಗೂ ಗೊತ್ತಿತ್ತು, ಅಕ್ಕೋರಿಗೂ ಗೊತ್ತಿತ್ತು.

ಎರಡು ವರ್ಷದ ಹಳೇ ಪ್ರಶ್ನೆಪತ್ರಿಕೆ ತಂದು, ಗಡಿಯಾರ ಮುಂದಿಟ್ಟು ತಯಾರಿ ಶುರುವಾಯಿತು. ಡಿಸೆಂಬರಿನಲ್ಲಿ ಅರ್ಜಿ ತುಂಬಲು ಕೂತಾಗ ಉಮಾ ಒಂದು ಮಾತು ತೆಗೆದಳು.

"ನಾವೆಲ್ಲಾರೂ ಜೂನ್ ಒಂದಕ್ಕ ಹುಟ್ಟೀವಿ ಅಂದ್ರ, ಅವತ್ತ ದವಾಖಾನ್ಯಾಗ ಎಷ್ಟ ಗದ್ದಲ ಆಗಿರಬೇಕಲ್ರಿ ಅಕ್ಕೋರೆ?"

ಕೃಷ್ಣಾಬಾಯಿಯವರು ನಕ್ಕರು. ಹುಡುಗಿ ನಗಲಿಲ್ಲ.

"ಸಾಲ್ಯಾಗ ಎಲ್ಲಾರೂ ಹುಟ್ಟಿದ ದಿನ ಚಾಕಲೇಟ್ ಹಂಚತಾರ್ರಿ. ನಮ್ದು ಸಾಲಿ ಇಲ್ಲದಾಗ, ಸೂಟ್ಯಾಗ ಬರತೈತಿ. ಯಾರಿಗಿ ಹಂಚೂದ್ರಿ? ಖರೇನ ನಾ ಯಾವಾಗ ಹುಟ್ಟೀನ್ರಿ?"

ಆ ಮಾತು ಅವರಿಗೆ ಚುಚ್ಚಿತು. ಸಂಜೆಯೇ ಗಂಗಾಬಾಯಿಯನ್ನು ಕರೆದು ಕೂರಿಸಿ, ಚಹಾ ಕೊಟ್ಟು ಕೇಳಿದರು.

"ನನಗೇನ್ ಗೊತ್ರಿ ಬಾಯಾರ, ತಾರೀಖು ಗೀರೀಖು..." ಅಂತ ಗಂಗಾಬಾಯಿ ಸೆರಗು ಹಿಂಡಿದಳು.

"ತಾರೀಖು ಬ್ಯಾಡವಾ. ಆವಾಗ ಏನ್ ನಡದಿತ್ತು ಹೇಳು."

"ಭೂಮಿ ನಡುಗಿತ್ತಲ್ರಿ, ಕಿಲ್ಲಾರಿ ಕಡೆ ಊರೂರs ಬಿದ್ದುವಲ್ಲ, ಆವಾಗ ಇಕಿ ಹೊಟ್ಟ್ಯಾಗಿದ್ದಳ್ರಿ. ಗಣಪತಿ ಕಳಿಸಿ ಬಂದು ಮಕ್ಕೊಂಡಿದ್ವಿ. ಬೆಳಗಿನ ಜಾವ ಗಡಗಿ ಎಲ್ಲಾ ದಡಾದಡಾ ಬಿದ್ದುವು. ನಾ ಅಂಗಳಕ್ಕ ಓಡಿದ್ರ, ಇಕಿ ಒಳಗ ಒದೀತಾಳ!"

"ಹುಟ್ಟಿದ್ದು?"

"ಎಳ್ಳಮಾಸಿ ಮುಗದಿತ್ತು. ಹೊಲಕ್ಕ ಹೋಗಿ ಭೂಮ್ತಾಯಿಗಿ ಚರಗ ಚೆಲ್ಲಿ ಬಂದಿದ್ದೆ, ಹೊಟ್ಟಿ ಹೊತಗೊಂಡು. ಆದ ಮ್ಯಾಲ ಎರಡನೇ ಬ್ಯಾಸ್ತವಾರ. ನಮ್ಮೂರ ಸಂತಿ ದಿನ್ರಿ. ಸೂಲಗಿತ್ತಿ ಸಂತಿಗಿ ಹೋಗಿದ್ದಳು, ಕರಕೊಂಡ ಬರೂದ್ರಾಗ ಇಕಿ ಬಂದೇಬಿಟ್ಟಳು."

ಕೃಷ್ಣಾಬಾಯಿಯವರು ಸ್ಟೂಲು ಹತ್ತಿ ಅಟ್ಟದಿಂದ ಹಳೇ ಪಂಚಾಂಗಗಳ ಗಂಟು ಇಳಿಸಿದರು. ಅವರು ಯಾವ ಕಾಗದವನ್ನೂ ಎಸೆದವರಲ್ಲ. ಎಳ್ಳಮಾವಾಸ್ಯೆಯಿಂದ ಬೆರಳಿಟ್ಟು ಎಣಿಸಿದರು. ಎರಡನೇ ಗುರುವಾರ, ಸಾವಿರದ ಒಂಬೈನೂರ ತೊಂಬತ್ತನಾಲ್ಕು, ಜನವರಿ ಇಪ್ಪತ್ತು.

ಉಮಾ ಆ ಪುಟವನ್ನು ಎಷ್ಟು ಹೊತ್ತು ನೋಡಿದಳೋ. ತಾರೀಕಿನ ಮೇಲೆ ಬೆರಳು ಆಡಿಸಿ, "ಇದು ನಂದೊಬ್ಬಾಕಿದs ಏನ್ರಿ?" ಅಂದಳು.

"ನಿಂದೊಬ್ಬಾಕಿದs."

ಅರ್ಜಿಯಲ್ಲಿ ಅದನ್ನೇ ಬರೆದರು. ಆಗ ಯಾವ ಸರ್ಟಿಫಿಕೇಟೂ ಕೇಳಿರಲಿಲ್ಲ. ಸೀಟು ಬಂದವರ ಕಾಗದಪತ್ರ ಮಾತ್ರ ಆಮೇಲೆ ನೋಡುವವರಿದ್ದರು. ತೊಂಬತ್ತಮೂರರ ಜೂನ್ ಎರಡು ಅಥವಾ ಅದರ ನಂತರ ಹುಟ್ಟಿರಬೇಕು ಎಂಬ ನಿಯಮವನ್ನು ಕೃಷ್ಣಾಬಾಯಿಯವರು ಓದಿದ್ದರು, ಉಮಾಳದು ಆರಾಮಾಗಿ ಒಳಗೇ ಬಂತು ಎಂದು ಖುಷಿಯನ್ನೂ ಪಟ್ಟಿದ್ದರು. ಮೂವತ್ತೊಂದು ವರ್ಷ ಬೇರೆಯವರ ಫೈಲಿನಲ್ಲಿ ತಪ್ಪು ಹಿಡಿದವರಿಗೆ ಸರಕಾರಿ ಶಾಲೆಯ ಆ ರಿಜಿಸ್ಟರು ನೆನಪಿಗೇ ಬರಲಿಲ್ಲ. ಜೂನ್ ಒಂದು ಎನ್ನುವುದನ್ನು ಅವರು ತಾರೀಕು ಅಂತ ಯಾವತ್ತೂ ಅಂದುಕೊಂಡಿರಲೇ ಇಲ್ಲ.

ಜನವರಿ ಇಪ್ಪತ್ತಕ್ಕೆ ಉಮಾ ಶಾಲೆಯಲ್ಲಿ ಚಾಕಲೇಟು ಹಂಚಿದಳು. ಫೆಬ್ರುವರಿಯಲ್ಲಿ ಪರೀಕ್ಷೆ ಬರೆದಳು. ಏಪ್ರಿಲ್ ಕೊನೆಗೆ ಪಟ್ಟಿ ಬಂತು, ಅದರಲ್ಲಿ ಉಮಾ ಹನ್ನೊಂದನೆಯವಳು. ಸಂಗಣ್ಣ ಪೇಪರಿನಲ್ಲಿ ಪೇಢೆ ಸುತ್ತಿಕೊಂಡು ಬಂದು, ಅಕ್ಕೋರ ಕಾಲು ಮುಟ್ಟಲು ಬಗ್ಗಿದವನು ಸೆಂಟ್ರಿಂಗ್ ಹಲಗೆಗೆ ಸವರುವ ಎಣ್ಣೆ ಹತ್ತಿದ ಕೈ ಅಂತ ಹಿಂಜರಿದ. ಕೊನೆಗೆ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡ.

ಮೇ ತಿಂಗಳಲ್ಲಿ ಕಾಗದಪತ್ರ ತೋರಿಸಲು ಉಮಾಳನ್ನು ಕರೆದುಕೊಂಡು ಕೃಷ್ಣಾಬಾಯಿಯವರೇ ಹೋದರು. ಹುಡುಗಿಗೆ ಎರಡು ಜಡೆ, ಹೊಸ ರಿಬ್ಬನ್ನು. ಸರಕಾರಿ ಶಾಲೆಯ ಟಿ.ಸಿ.ಯನ್ನು ದಾರಿಯಲ್ಲೇ ಇಸಿದುಕೊಂಡು, ಲಕೋಟೆ ಬಿಚ್ಚದೆ ಚೀಲಕ್ಕೆ ಹಾಕಿಕೊಂಡಿದ್ದರು.

ಕಚೇರಿಯಲ್ಲಿ ಕನ್ನಡಕದ ಒಬ್ಬ ಹೆಂಗಸು ಕೂತಿದ್ದಳು. ಒರಟು ಸ್ವಭಾವದವಳಲ್ಲ. ಉಮಾಳಿಗೆ ಕುರ್ಚಿ ತೋರಿಸಿದಳು, ಮಾರ್ಕು ನೋಡಿ ಶಭಾಷ್ ಅಂದಳು. ಆಮೇಲೆ ಅರ್ಜಿಯ ತಾರೀಕಿನ ಮೇಲೆ ಒಂದು ಬೆರಳು, ಟಿ.ಸಿ.ಯ ತಾರೀಕಿನ ಮೇಲೆ ಒಂದು ಬೆರಳು ಇಟ್ಟಳು. ಆ ಎರಡು ಬೆರಳು ಕಂಡಾಗಲೇ ಕೃಷ್ಣಾಬಾಯಿಯವರಿಗೆ ಗೊತ್ತಾಯಿತು. ಅದು ಅವರದೇ ಅಭ್ಯಾಸ. ಕಚೇರಿಯಲ್ಲಿ ತಪ್ಪು ಸಿಕ್ಕಾಗ ಅವರೂ ಹಾಗೇ ಬೆರಳಿಡುತ್ತಿದ್ದರು.

"ಶಾಲೆಯಲ್ಲಿ ಇದನ್ನು ಬರೆಸಿದವರು ಯಾರು?" ಹೆಂಗಸು ತೆಲುಗಿನಲ್ಲಿ ಕೇಳಿದಳು.

"ನಾನೇ."

"ಈ ಅರ್ಜಿ?"

"ಅದೂ ನಾನೇ."

"ಹಾಗಾದರೆ ಯಾವುದು ಸುಳ್ಳಮ್ಮ?"

ಕೃಷ್ಣಾಬಾಯಿಯವರು ಎಲ್ಲ ಹೇಳಿದರು. ಭೂಕಂಪ, ಎಳ್ಳಮಾವಾಸ್ಯೆ, ಸಂತೆ, ಪಂಚಾಂಗ. ತೆಲುಗಿನಲ್ಲಿ ಹೇಳುವಾಗ ಅದೆಲ್ಲ ಕಟ್ಟುಕಥೆಯ ಹಾಗೆ ಅವರ ಕಿವಿಗೇ ಕೇಳಿಸಿತು. ಹೆಂಗಸು ಪೂರ್ತಿ ಕೇಳಿಸಿಕೊಂಡಳು. ನಮಗೆ ಶಾಲೆಯ ರಿಜಿಸ್ಟರೇ ಆಧಾರ, ಅದರ ಪ್ರಕಾರ ವಯಸ್ಸು ಒಂದು ದಿನ ಹೆಚ್ಚಾಗಿದೆ. ಹತ್ತು ದಿನದಲ್ಲಿ ತಿದ್ದಿಸಿ ತಂದರೆ ಸರಿ, ಇಲ್ಲದಿದ್ದರೆ ನಲವತ್ತೊಂದನೆಯ ಹುಡುಗಿಗೆ ಕೊಡಬೇಕಾಗುತ್ತದೆ ಅಂದಳು. ಆ ಹುಡುಗಿಯೂ ಬಡವರ ಮಗಳೇ ಅಂತಲೂ ಸೇರಿಸಿದಳು.

ಹತ್ತು ದಿನ ಎಲ್ಲಿಗೆ ಸಾಲುತ್ತದೆ? ಹೆಡ್‌ಮಾಸ್ಟರು ರಿಜಿಸ್ಟರಿನ ಜೊತೆ ಹಳೇ ಫಾರಂ ತೆಗೆದು ಕೃಷ್ಣಾಬಾಯಿಯವರ ದುಂಡನೆಯ ಅಕ್ಷರವನ್ನೇ ತೋರಿಸಿದರು. ತಿದ್ದಲು ತಮಗೆ ಅಧಿಕಾರವಿಲ್ಲ, ಜನನ ಪ್ರಮಾಣಪತ್ರ ಬೇಕು, ಅದಿಲ್ಲದಿದ್ದರೆ ಕೋರ್ಟಿನ ಆದೇಶ ಬೇಕು ಅಂದರು. ಸಂಗಣ್ಣ ಕೆಲಸ ಬಿಟ್ಟು ಊರಿಗೆ ಹೋಗಿಬಂದ. ಮನೆಯಲ್ಲಿ ಹೆತ್ತ ಹೆಣ್ಣುಕೂಸನ್ನು ಅಲ್ಲಿ ಯಾರೂ ಜನನ ದಾಖಲೆಯಲ್ಲಿ ಬರೆಸಿರಲಿಲ್ಲ. ವಕೀಲರು, ಕಡಿಮೆಯೆಂದರೆ ಎಂಟು ತಿಂಗಳು ಅಂದರು.

ಹನ್ನೊಂದನೆಯ ದಿನ ಸಂಗಣ್ಣ ಬಂದು ಕಟ್ಟೆಯ ಮೇಲೆ ಕೂತ. "ಒಂದs ದಿನ ಏನ್ರಿ ಅಕ್ಕೋರೆ? ಸ್ಲ್ಯಾಬಿನಾಗ ಅರ್ಧ ಇಂಚು ಹೆಚ್ಚಕಡಿಮಿ ಆದ್ರ ಇಂಜಿನಿಯರ್ ಸುದ್ದಾ ಸುಮ್ನ ಇರ್ತಾನ್ರಿ."

"ನನ್ನ ಕೈಲೆ ಆತಪ್ಪಾ ಇದು. ಇಕಿನ್ನ ನನ್ನ ಹತ್ರನೇ ಬಿಟ್ಟು ಹೋಗ್ರಿ," ಅಂದರು ಕೃಷ್ಣಾಬಾಯಿ. ಆದರೆ ಅವರಿಗೇ ಅಲ್ಲಿ ಠಾವಿರಲಿಲ್ಲ. ಮಾಲಕರು ಮನೆ ಕೆಡವಿ ಸಾಫ್ಟ್‌ವೇರ್ ಕಲಿಯುವ ಹುಡುಗರಿಗೆ ಹಾಸ್ಟೆಲ್ ಕಟ್ಟಿಸುವವರಿದ್ದರು. ಜೂನ್ ಮುಗಿಯುವಷ್ಟರಲ್ಲಿ ಅವರು ದಿಲ್‌ಸುಖ್‌ನಗರದಲ್ಲಿ ತಮ್ಮ ವಿಠಲನ ಮನೆಯ ಪಡಸಾಲೆಗೆ ಹೋಗಬೇಕಿತ್ತು. ಇದು ಬಯಲಿನವರಿಗೆಲ್ಲ ಗೊತ್ತಿದ್ದ ಮಾತೇ.

ಗಂಡನ ಹಿಂದೆ ನಿಂತಿದ್ದ ಗಂಗಾಬಾಯಿ ಮೆಲ್ಲಗೆ, "ಕೂಸಿನ್ನ ಯಾರ ನೋಡಕೊಂತಾರ್ರಿ ಬಾಯಾರ?" ಅಂದಳು. ಬೈಯಲಿಲ್ಲ, ಅಳಲಿಲ್ಲ. ಹೋಗುವಾಗ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಇಟ್ಟು ಹೋದಳು. ಆ ರೊಟ್ಟಿಯನ್ನು ಮುರಿಯಲು ಕೃಷ್ಣಾಬಾಯಿಯವರಿಗೆ ಕೈ ಬರಲಿಲ್ಲ.

ಜೂನ್ ಒಂದರ ಬೆಳಿಗ್ಗೆ ಬಯಲಿಗೆ ಲಾರಿ ಬಂತು. ತಗಡು, ಹಲಗೆ, ಬುಟ್ಟಿ, ಸಲಿಕೆ ಎಲ್ಲ ಏರುತ್ತಿದ್ದವು. ಉಮಾ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದಳು. ಮುಷ್ಟಿ ಬಿಚ್ಚಿ ಒಂದು ಚಾಕಲೇಟು ಕೊಟ್ಟಳು.

"ಇವತ್ತ ನನ್ನ ಹುಟ್ಟಿದ ದಿನ ಐತ್ರಿ ಅಕ್ಕೋರೆ."

"ಅಲ್ಲವಾ ಹುಚ್ಚಿ, ನಿಂದು ಜನವರಿ..."

"ಇನ್ಮ್ಯಾಲ ಎಲ್ಲಾ ಕಡೆ ಇದನ್ನs ಹೇಳ್ತೀನ್ರಿ. ಆವಾಗ ಯಾವುದು ಸುಳ್ಳು ಅಂತ ಯಾರೂ ಕೇಳಂಗಿಲ್ಲ." ಅಕ್ಕೋರ ಮುಖ ನೋಡಿ ಅವಳೇ ಸಮಾಧಾನ ಮಾಡಿದಳು. "ನೀವ್ ಬರದದ್ದು ಅಲ್ರಿ ಇದು? ಛಲೋನs ಐತಿ."

ಕೃಷ್ಣಾಬಾಯಿಯವರು ಚಾಕಲೇಟನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. "ಅಲ್ಲೆ ಸಾಲಿಗೆ ಹಾಕ್ತಾರೇನವಾ?"

ಉಮಾ ಹುಲಗೇಶನನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿಕೊಂಡಳು. "ಇವ ನಡಿಯಾಕ ಹತ್ತಲಿ, ನೋಡೂಣು ಅಂದಾಳ್ರಿ ಅವ್ವ."

ಕೆಳಗೆ ಲಾರಿಯವನು ಹಾರನ್ ಒತ್ತಿದ. ಟಿ.ಸಿ.ಯ ಲಕೋಟೆಯನ್ನೂ ಒಂದು ಕಟ್ಟು ಜಾವಾ ಹಾಳೆಗಳನ್ನೂ ಕೃಷ್ಣಾಬಾಯಿಯವರು ಹುಡುಗಿಯ ಕಂಕುಳಿಗೆ ಸಿಕ್ಕಿಸಿದರು. ಕೂಸನ್ನು ಹಿಡಿದ ಕೈ ಬಿಟ್ಟರೆ ಅವಳಿಗೆ ಖಾಲಿ ಇದ್ದದ್ದು ಅದೊಂದೇ.

ಜೂನ್ ಹನ್ನೆರಡಕ್ಕೆ ಶಾಲೆ ಶುರುವಾಯಿತು. ಬಯಲಿನಲ್ಲಿ ಹೊಸ ಕೆಲಸದ ಹೊಸ ಶೆಡ್ಡುಗಳು ಬಂದಿದ್ದವು, ಸುರಪುರದ ಕಡೆಯ ಒಬ್ಬ ತಾಯಿ ಮಗಳು ವಿಜಯಶ್ರೀಯನ್ನು ಕರೆದುಕೊಂಡು ಬಂದಳು. ಕೃಷ್ಣಾಬಾಯಿಯವರು ಸಾಮಾನು ಕಟ್ಟುವುದು ಬಿಟ್ಟು ಫಾರಂ ತೆಗೆದರು. ಹೆಸರು ಬರೆದರು, ಊರು ಬರೆದರು. ಆಮೇಲೆ ಯಾವ ಹಬ್ಬ, ಯಾವ ವಾರ, ಮಳೆಯೋ ಬಿಸಿಲೋ, ಊರಲ್ಲಿ ಏನಾದರೂ ನಡೆದಿತ್ತೋ ಅಂತ ಒಂದು ತಾಸು ಕೇಳಿದರು. ಆ ತಾಯಿಗೆ ಏನೂ ನೆನಪಿರಲಿಲ್ಲ. "ಬ್ಯಾನಿ ಭಾಳ ಇತ್ರಿ, ಅಷ್ಟs ಗೊತ್ತು," ಅಂದಳು.

ಆ ಒಂದು ಜಾಗವನ್ನು ಖಾಲಿ ಬಿಟ್ಟು ಅವರು ಫಾರಂ ಕಳಿಸಿದರು. ಹೆಡ್‌ಮಾಸ್ಟರು ತಮ್ಮ ಪೆನ್ನು ತೆಗೆದು ಅಲ್ಲಿ ಜೂನ್ ಒಂದು ಎಂದು ಬರೆದುಕೊಂಡರು.